ಓವರ್‌ಕ್ಲಾಕ್ ಮಾಡೋ ಮುಂಚೆ ಕೂಲಿಂಗ್ ನೋಡಿ, ಆಮೇಲೆ ಬೋರ್ಡ್: ರೈಜನ್ 5 7600 ಇಟ್ಕೊಂಡು ಒಂದು ಮಾರ್ಗದರ್ಶಿ

ಹೊಸದಾಗಿ ಡೆಸ್ಕ್‌ಟಾಪ್ ಕಟ್ಟೋರು ಕೇಳೋ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ, ಈ ಪ್ರೊಸೆಸರ್‌ನ ಎಷ್ಟು ಗಿಗಾಹರ್ಟ್ಸ್ ತನಕ ಏರಿಸ್ಬಹುದು (ಹೀಗೆ ಏರಿಸೋದೇ ಓವರ್‌ಕ್ಲಾಕ್), ಅದಕ್ಕೆ ಯಾವ ಮದರ್‌ಬೋರ್ಡ್ ತಗೋಬೇಕು ಅಂತ. ಮೊದಲು ಕೇಳ್ಕೋಬೇಕಾದ್ದು ಬೇರೆ: ನಿಮ್ಮ ರೂಮಲ್ಲಿ ಏಪ್ರಿಲ್ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತೆ, ಆ ಸೆಖೆಲಿ ನಿಮ್ಮ ಕೂಲರ್ ಎಷ್ಟು ವಾಟ್ ಶಾಖ ಹೊರಗೆ ಹಾಕೋಕೆ ಆಗುತ್ತೆ. ಈಗಿನ ಚಿಪ್‌ಗಳಲ್ಲಿ ಸ್ಪೀಡ್ ನಿರ್ಧಾರ ಆಗೋದು ಅಲ್ಲೇ.

ಹಿಂದೆ ಹಾಗಿರ್ಲಿಲ್ಲ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್‌ಗೆ ಬಸ್ ಸ್ಪೀಡ್ 66ರಿಂದ 100 ಮೆಗಾಹರ್ಟ್ಸ್‌ಗೆ ಇಟ್ರೆ ಸಾಕು, 300ರ ಬದಲು 450ರಲ್ಲಿ ಓಡ್ತಿತ್ತು, ಅಂದ್ರೆ ಐವತ್ತು ಪರ್ಸೆಂಟ್ ಪುಕ್ಕಟೆ. 2011ರ ಐ7 2600ಕೆ ಕೂಡ 3.4 ಬೇಸ್ ಇದ್ದಿದ್ದು ಒಳ್ಳೆ ಕೂಲರ್ ಇದ್ರೆ 4.5ಕ್ಕೆ ಆರಾಮಾಗಿ ಹೋಗ್ತಿತ್ತು. ಈಗ ಚಿಪ್ ಮಾಡೋ ಕಂಪನಿಗಳೇ ಆ ಮಿಕ್ಕಿದ್ದ ಜಾಗವನ್ನೆಲ್ಲ ಬೂಸ್ಟ್ ಅಂತ ತಾವೇ ಬಳಸಿ ಮಾರ್ತಾರೆ. ಎಎಂಡಿ ರೈಜನ್ 5 7600ರ ಬೇಸ್ (ಮಾಮೂಲಿ ಸ್ಪೀಡ್) 3.8 ಗಿಗಾಹರ್ಟ್ಸ್, ಬೂಸ್ಟ್ (ತಾನೇ ಏರೋ ಗರಿಷ್ಠ ಸ್ಪೀಡ್) 5.1, ಇದನ್ನ ಎಷ್ಟೇ ತಿದ್ದಿದ್ರೂ ಸಿಗೋದು ಕೆಲವೇ ಪರ್ಸೆಂಟ್. ಆದ್ರೆ ಅದೇ ಸ್ಪೀಡ್‌ನ ಕಡಿಮೆ ವೋಲ್ಟೇಜ್‌ನಲ್ಲಿ, ಕಡಿಮೆ ಬಿಸಿಲಿ, ಕಡಿಮೆ ಫ್ಯಾನ್ ಸದ್ದಲ್ಲಿ ಓಡಿಸ್ಬಹುದು, ನಮ್ಮ ಹವಾಮಾನದಲ್ಲಿ ನಿಜವಾದ ಲಾಭ ಇರೋದು ಇಲ್ಲೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಅದಕ್ಕೇ ಈ ಬರಹ ಪೂರ್ತಿ ಆ ಕಡೆಗೇ ಹೋಗುತ್ತೆ.

ಉದಾಹರಣೆಗೆ 7600 ಇಟ್ಕೊಂಡಿದೀನಿ, ಇದು ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಕೂರೋದು, ಹಳೇ ಸಾಕೆಟ್ ಎಎಂ4ನ 5600 ಇರೋರಿಗೂ ಬಹುಪಾಲು ಅನ್ವಯಿಸುತ್ತೆ. ಇಂಟೆಲ್ ಬಗ್ಗೆ ಕೊನೆ ಹತ್ರ ಬರೀತೀನಿ.

ಶುರು ಮಾಡೋ ಮುಂಚೆ

ನಿಮ್ಮ ಚಿಪ್ ಅನ್‌ಲಾಕ್ ಆಗಿದ್ಯಾ, ಅಂದ್ರೆ ಸ್ಪೀಡ್ ಬದಲಾಯಿಸೋಕೆ ಬಿಡುತ್ತಾ ನೋಡ್ಕೊಳ್ಳಿ. ಡೆಸ್ಕ್‌ಟಾಪ್ ರೈಜನ್‌ಗಳು ಬಹುತೇಕ ಎಲ್ಲಾ ಅನ್‌ಲಾಕ್. ಹೆಚ್ಚುವರಿ ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ಇರೋ ಎಕ್ಸ್3ಡಿ ಚಿಪ್‌ಗಳು ಮಾತ್ರ ಬೇರೆ ಕಥೆ: 5800ಎಕ್ಸ್3ಡಿ ಲಾಕ್, 7800ಎಕ್ಸ್3ಡಿಲಿ ಮಲ್ಟಿಪ್ಲೈಯರ್ (ಸ್ಪೀಡ್ ನಿರ್ಧರಿಸೋ ಗುಣಕ) ಮುಟ್ಟೋಕಾಗಲ್ಲ ಆದ್ರೆ ವೋಲ್ಟೇಜ್ ಇಳಿಸೋ ಕರ್ವ್ ಆಪ್ಟಿಮೈಸರ್ ಕೆಲಸ ಮಾಡುತ್ತೆ, 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಲಿ ಕ್ಯಾಶ್‌ನ ಕೋರ್‌ಗಳ ಮೇಲಿಂದ ಕೆಳಗಡೆಗೆ ಹಾಕಿದ್ರಿಂದ ಶಾಖ ಸಲೀಸಾಗಿ ಕೂಲರ್ ಕಡೆ ಹೋಗುತ್ತೆ, ಅದಕ್ಕೇ ಅದು ಪೂರ್ತಿ ಅನ್‌ಲಾಕ್ ಆಗಿ ಬಂತು. ಇಷ್ಟು ಸಣ್ಣ ಬದಲಾವಣೆಲೇ ಗೊತ್ತಾಗುತ್ತಲ್ವಾ, ಇದೆಲ್ಲಾ ಶಾಖದ ಆಟ ಅಂತ.

ವಾರಂಟಿ ವಿಷಯನೂ ಮೊದಲೇ ಹೇಳ್ಬಿಡ್ತೀನಿ. ಎಎಂಡಿ ಪ್ರಕಾರ ಓವರ್‌ಕ್ಲಾಕ್ ಆಗ್ಲಿ, ವೋಲ್ಟೇಜ್ ಇಳಿಸೋದಾಗ್ಲಿ, ಅವರ ಸ್ಪೆಕ್ ಬಿಟ್ಟು ಹೊರಗೆ ಹೋದ್ರೆ ವಾರಂಟಿ ಇಲ್ಲ, ಅವರೇ ಕೊಟ್ಟ ಆಪ್ಷನ್ ಬಳಸಿದ್ರೂ ಅಷ್ಟೇ. ಬಾಕ್ಸ್ ಚಿಪ್‌ಗೆ 3 ವರ್ಷ ಕಂಪನಿ ವಾರಂಟಿ ಇರುತ್ತೆ, ಬಾಕ್ಸ್ ಇಲ್ದೆ ಬಿಡಿಯಾಗಿ ಮಾರೋ ಟ್ರೇ ಚಿಪ್‌ಗೆ ಅಂಗಡಿಯವರು ಕೊಟ್ಟಷ್ಟೇ. ಎಸ್‌ಪಿ ರೋಡ್‌ಗೆ ಹೋಗಿ ತಗೊಂಡ್ರೂ ಆನ್‌ಲೈನ್ ತಗೊಂಡ್ರೂ, ಸೀರಿಯಲ್ ನಂಬರ್ ಹಾಕಿರೋ ಜಿಎಸ್‌ಟಿ ಬಿಲ್ ಇಸ್ಕೊಳ್ಳಿ, ಐನೂರು ರೂಪಾಯಿ ಉಳಿಯುತ್ತೆ ಅಂತ ಬಿಲ್ ಬಿಡ್ಬೇಡಿ.

ಕೂಲಿಂಗ್

ವಿಮರ್ಶೆ ವಿಡಿಯೋಗಳಲ್ಲಿ ತೋರಿಸೋ ಟೆಂಪರೇಚರ್ ಸಾಮಾನ್ಯವಾಗಿ 20ರಿಂದ 24 ಡಿಗ್ರಿ ಇರೋ ಎಸಿ ರೂಮ್‌ದು. ಕೂಲರ್ ಮಾಡೋದು ಚಿಪ್‌ನ ಬಿಸಿನ ರೂಮಿನ ಗಾಳಿಗೆ ದಾಟಿಸೋ ಕೆಲಸ, ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕೆ ಅದರ ಕೈಲಿ ಆಗಲ್ಲ. ಹಾಗಾಗಿ ಅದೇ ವಾಟ್ ಹೋಗ್ತಿದ್ರೆ ರೂಮ್ ಒಂದು ಡಿಗ್ರಿ ಏರಿದ್ರೆ ಚಿಪ್ಪೂ ಸುಮಾರು ಒಂದು ಡಿಗ್ರಿ ಏರುತ್ತೆ. ವಿಡಿಯೋದಲ್ಲಿ 23 ಡಿಗ್ರಿ ರೂಮಲ್ಲಿ 76 ತೋರಿಸಿದ ಕೂಲರ್, ರಾಯಚೂರಲ್ಲೋ ಕಲಬುರಗಿಲೋ ಬೇಸಿಗೆಲಿ ರೂಮ್ 38 ಇದ್ದಾಗ 91ಕ್ಕೆ ಬಂದು ನಿಲ್ಲುತ್ತೆ. ಮಡಿಕೇರಿಲಿ ಕೂತೋರಿಗೆ ಸಾಕಾಗೋ ಕೂಲರ್ ಬಳ್ಳಾರಿಯವರಿಗೆ ಸಾಕಾಗ್ದೇ ಇರ್ಬಹುದು. ಬಜೆಟ್ ಹಾಕುವಾಗ ನಿಮ್ಮೂರಿನ ಬೇಸಿಗೆ ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು ವಿಷಯ, 2022ರ ಸೆಪ್ಟೆಂಬರ್‌ನಲ್ಲಿ ರೈಜನ್ 7000 ಬಂದಾಗ 95 ಡಿಗ್ರಿ ನೋಡಿ ಬಹಳ ಜನ ಗಾಬರಿ ಬಿದ್ರು. ಅದು ಕೆಟ್ಟಿರೋದ್ರ ಲಕ್ಷಣ ಅಲ್ಲ, ಈ ಚಿಪ್‌ಗಳನ್ನ 95 ತನಕ ಹೋಗಿ ಅಲ್ಲಿ ತಾನೇ ಸ್ಪೀಡ್ ಹೊಂದಿಸ್ಕೊಳ್ಳೋ ಹಾಗೇ ಮಾಡಿದಾರೆ. ಕೋರ್‌ಗಳಿರೋ ಸಿಲಿಕಾನ್ ತುಂಡು ಬರೀ 70 ಚದರ ಮಿಲಿಮೀಟರ್ ಆಸುಪಾಸು, ಅಷ್ಟು ಸಣ್ಣ ಜಾಗದಿಂದ ನೂರರ ಹತ್ರ ವಾಟ್ ಹೊರಗೆ ಬರ್ಬೇಕು, ಜೊತೆಗೆ ಹಳೇ ಎಎಂ4 ಕೂಲರ್‌ಗಳು ಎಎಂ5ಗೂ ಕೂರ್ಲಿ ಅಂತ ಮೇಲಿನ ಲೋಹದ ಮುಚ್ಚಳ ದಪ್ಪ ಮಾಡಿದಾರೆ. ಅದಕ್ಕೇ ದೊಡ್ಡ ಲಿಕ್ವಿಡ್ ಕೂಲರ್ ಹಾಕಿದ್ರೂ ಟೆಂಪರೇಚರ್ ನಿರೀಕ್ಷೆ ಮಾಡಿದಷ್ಟು ಇಳಿಯಲ್ಲ.

ಯಾವ ಕೂಲರ್ ತಗೋಬೇಕು? 7600 ಬಾಕ್ಸ್ ಜೊತೆ ಬರೋ ರೇತ್ ಸ್ಟೆಲ್ತ್ ಕೂಲರ್ ಏನೂ ಬದಲಾಯಿಸದ ಸ್ಟಾಕ್ ಸೆಟ್ಟಿಂಗ್‌ಗೆ ನಡೆಯುತ್ತೆ, ಲೋಡ್ ಬಿದ್ದಾಗ ಸದ್ದು ಮಾಡುತ್ತೆ, ಟ್ಯೂನ್ ಮಾಡ್ಬೇಕು ಅಂದ್ರೆ ಅದನ್ನ ಬದಲಾಯಿಸಿ. ಡೀಪ್‌ಕೂಲ್ ಎಕೆ400 ತರದ 120 ಎಂಎಂ ಫ್ಯಾನ್ ಇರೋ ಒಂಟಿ ಟವರ್ ಆರು ಕೋರ್‌ಗೆ ಸಾಕು. ಎಂಟು ಕೋರ್ ಅಥವಾ 105 ವಾಟ್ ಕ್ಲಾಸ್ ಚಿಪ್ ಇದ್ರೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ತರದ ಜೋಡಿ ಟವರ್ ತಗೊಳ್ಳಿ. ಇವೆರಡರ ಎತ್ತರನೂ 155 ಎಂಎಂ, ನಿಮ್ಮ ಕ್ಯಾಬಿನೆಟ್‌ನ ಸ್ಪೆಕ್‌ನಲ್ಲಿ ಕೂಲರ್ ಎತ್ತರ ಎಷ್ಟು ಬಿಟ್ಟಿದಾರೆ ಅಂತ ನೋಡದೆ ಆರ್ಡರ್ ಮಾಡಿದ್ರೆ ಸೈಡ್ ಪ್ಯಾನೆಲ್ ಮುಚ್ಚಲ್ಲ. 360 ಎಂಎಂ ಲಿಕ್ವಿಡ್ ಕೂಲರ್ 7600ಗೆ ದುಡ್ಡು ದಂಡ ಅಂತಲೇ ಹೇಳ್ತೀನಿ, ಆ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. 230 ವಾಟ್ ಎಳೆಯೋ 7950ಎಕ್ಸ್ ಅಥವಾ ಇಂಟೆಲ್ ಐ9 ಇದ್ರೆ ಮಾತು ಬೇರೆ.

ಕೂಲರ್‌ಗಿಂತ ಮುಂಚೆ ಗಾಳಿ ಓಡಾಟ ಸರಿ ಮಾಡಿ, ಇದಕ್ಕೆ ಖರ್ಚೂ ಇಲ್ಲ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಟೇಬಲ್ ಕೆಳಗೆ ಮರದ ಗೂಡೊಂದಿರುತ್ತೆ, ಮೂರು ಕಡೆ ಹಲಗೆ, ಹಿಂದೆ ಗೋಡೆ, ಅದರೊಳಗೆ ಕ್ಯಾಬಿನೆಟ್ ತಳ್ಳಿ ಇಟ್ಟಿರ್ತಾರೆ, ಹೊರಗೆ ಹೋದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಮುಂದಿನ ಫ್ಯಾನ್‌ಗೇ ಬರುತ್ತೆ. ಕ್ಯಾಬಿನೆಟ್‌ನ ಅಲ್ಲಿಂದ ತೆಗೆದು ಟೇಬಲ್ ಪಕ್ಕ ಒಂದು ಸ್ಟೂಲ್ ಮೇಲೆ ಇಡಿ, ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಡಿ. ಮುಂದೆ ಗಾಜು ಇರೋ ಕ್ಯಾಬಿನೆಟ್ ಬೇಡ, ಜಾಲರಿ ಇರೋದು ತಗೊಳ್ಳಿ, ಮುಂದೆ ಎರಡು ಫ್ಯಾನ್ ಒಳಗೆ ಎಳೆಯೋ ಹಾಗೆ, ಹಿಂದೆ ಒಂದು ಹೊರಗೆ ಹಾಕೋ ಹಾಗೆ. ಫ್ಯಾನ್ ಯಾವ ಕಡೆ ಗಾಳಿ ಹಾಕುತ್ತೆ ಅಂತ ಗೊತ್ತಾಗದಿದ್ರೆ ಮೋಟಾರ್ ಹಿಡ್ಕೊಂಡಿರೋ ಅಡ್ಡ ಕಡ್ಡಿಗಳಿರೋ ಕಡೆಯಿಂದ ಗಾಳಿ ಹೊರಬರುತ್ತೆ.

ಮದರ್‌ಬೋರ್ಡ್

ಎಎಂ5ನಲ್ಲಿ ಎ620 ಚಿಪ್‌ಸೆಟ್ ಬೋರ್ಡ್ ತಗೊಂಡ್ರೆ ಸಿಪಿಯು ಓವರ್‌ಕ್ಲಾಕ್ ಇಲ್ಲ, ರ್ಯಾಮ್ ಮಾತ್ರ ಏರಿಸ್ಬಹುದು. ಆಮೇಲೆ ಬಂದ ಬಿ840 ಕೂಡ ಹಾಗೇ, ಹೆಸರಲ್ಲಿ ಬಿ ಇದೆ ಅಂತ ಮೋಸ ಹೋಗ್ಬೇಡಿ. ಬಿ650, ಬಿ850, ಎಕ್ಸ್ ಸರಣಿ ಇವುಗಳಲ್ಲಿ ಎಲ್ಲಾ ಇದೆ. ಎಎಂ4ನಲ್ಲಿ ಎ320, ಎ520 ಬೇಡ, ಬಿ450, ಬಿ550 ಆಗುತ್ತೆ. ಎಕ್ಸ್670, ಎಕ್ಸ್870 ತಗೊಂಡ್ರೆ ಓವರ್‌ಕ್ಲಾಕ್ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು, ಅಲ್ಲಿ ಜಾಸ್ತಿ ಸಿಗೋದು ಯುಎಸ್‌ಬಿ, ಎಸ್‌ಎಸ್‌ಡಿ ಸ್ಲಾಟ್ ಇಂಥವು.

ಬೋರ್ಡ್‌ನಲ್ಲಿ ನೋಡ್ಬೇಕಾದ್ದು ವಿಆರ್‌ಎಂ. ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ ಡಬ್ಬಿಯಿಂದ) ಬರೋ 12 ವೋಲ್ಟ್‌ನ ಪ್ರೊಸೆಸರ್‌ಗೆ ಬೇಕಾದ ಒಂದೂಕಾಲು ವೋಲ್ಟ್ ಆಸುಪಾಸಿಗೆ ಇಳಿಸೋ ಭಾಗ ಅದು, ಸಾಕೆಟ್ ಎಡಗಡೆ ಮತ್ತು ಮೇಲ್ಗಡೆ ಇರುತ್ತೆ. 100 ವಾಟ್‌ನ 1.25 ವೋಲ್ಟ್‌ನಲ್ಲಿ ಕೊಡ್ಬೇಕು ಅಂದ್ರೆ 80 ಆಂಪಿಯರ್ ಕರೆಂಟ್, ಮನೆಯ ಏಸಿ ಎಳೆಯೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಇಷ್ಟನ್ನ ಸಣ್ಣ ಸಣ್ಣ ಚಿಪ್‌ಗಳು ಹಂಚ್ಕೊಂಡು ಕೊಡ್ತವೆ, ಆವಾಗ ಅವೂ ಬಿಸಿ ಆಗ್ತವೆ. ಹೀಟ್‌ಸಿಂಕ್ ಇಲ್ಲದ ಬರಿ ವಿಆರ್‌ಎಂ ಇರೋ ಬೋರ್ಡ್ ಬಿಸಿಯಾಗಿ ಪ್ರೊಸೆಸರ್ ಸ್ಪೀಡ್ ತಾನೇ ಇಳಿಸುತ್ತೆ, ನೀವು ಇಲ್ಲಿ ಕೂತ್ಕೊಂಡು ಪ್ರೊಸೆಸರ್ ಟೆಂಪರೇಚರ್ ಸರಿಯಾಗೇ ಇದ್ಯಲ್ಲ ಯಾಕೆ ಸ್ಲೋ ಅಂತ ತಲೆ ಕೆಡಿಸ್ಕೋತೀರ. ಆದ್ದರಿಂದ ಎರಡೂ ಕಡೆ ಹೀಟ್‌ಸಿಂಕ್ ಇರೋದು ತಗೊಳ್ಳಿ. ಬಾಕ್ಸ್ ಮೇಲೆ ಬರೆದಿರೋ 12+2+1 ಫೇಸ್ (ಕರೆಂಟ್ ಹಂಚ್ಕೊಳ್ಳೋ ಭಾಗಗಳ ಸಂಖ್ಯೆ) ಅನ್ನೋ ನಂಬರ್ ಒಂದನ್ನೇ ನೋಡಿ ದುಡ್ಡು ಕೊಡ್ಬೇಡಿ. 7600 ಅಂಥ ಆರು ಕೋರ್ ಚಿಪ್‌ಗೆ ಹೀಟ್‌ಸಿಂಕ್ ಇರೋ ಸಾಧಾರಣ ಬಿ650 ಬೇಕಾದಷ್ಟಾಯ್ತು. ಲಿಕ್ವಿಡ್ ಕೂಲರ್ ಹಾಕೋರು ಒಂದು ಗಮನಿಸಿ, ಟವರ್ ಕೂಲರ್ ಫ್ಯಾನ್ ಇದ್ದಾಗ ವಿಆರ್‌ಎಂಗೂ ಸ್ವಲ್ಪ ಗಾಳಿ ತಾಗುತ್ತೆ, ಲಿಕ್ವಿಡ್‌ನಲ್ಲಿ ಅದು ಇಲ್ಲ, ಕ್ಯಾಬಿನೆಟ್ ಫ್ಯಾನ್ ಅಲ್ಲಿಗೆ ಗಾಳಿ ಹಾಕೋ ಹಾಗಿರ್ಬೇಕು.

ಇದಕ್ಕೆ ಜೊತೆಗೆ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್, ಸೆಟ್ಟಿಂಗ್ ಎಲ್ಲಾ ಇರೋದು ಇಲ್ಲೇ) ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ರೆ ತುಂಬಾ ಒಳ್ಳೇದು, ಪ್ರೊಸೆಸರ್ ಇಲ್ದೇನೂ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕ್ಬಹುದು. ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ತೋರಿಸೋ ಡೀಬಗ್ ಎಲ್‌ಇಡಿಗಳೂ ಇರ್ಲಿ. ಸೆಕೆಂಡ್ ಹ್ಯಾಂಡ್ ಎಎಂ5 ಬೋರ್ಡ್ ತಗೊಳ್ಳೋದಾದ್ರೆ ದುಡ್ಡು ಕೊಡೋ ಮುಂಚೆ ಸಾಕೆಟ್ ಮುಚ್ಚಳ ತೆಗ್ಸಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಎಲ್ಲಾ ಪಿನ್ನೂ ಒಂದೇ ತರ ಹೊಳೀಬೇಕು, ಒಂದು ಕಡೆ ಬೆಳಕು ಬೇರೆ ತರ ಕಂಡ್ರೆ ಅಲ್ಲಿ ಪಿನ್ ಬಗ್ಗಿದೆ ಅಂತ ಅರ್ಥ. ಎಎಂ4ನಲ್ಲಿ ಪಿನ್ ಪ್ರೊಸೆಸರ್‌ನಲ್ಲಿತ್ತು, ಎಎಂ5ನಲ್ಲಿ ಬೋರ್ಡ್‌ನಲ್ಲಿದೆ.

ಕೂರಿಸೋದು

ಕೂಲರ್ ತಳದಲ್ಲಿರೋ ಪ್ಲಾಸ್ಟಿಕ್ ಹಾಳೆ ತೆಗೀರಿ, ಅದನ್ನ ಬಿಟ್ಟು ಕೂರಿಸೋರು ಈಗಲೂ ಇದಾರೆ. ಶಾಖ ದಾಟಿಸೋ ಥರ್ಮಲ್ ಪೇಸ್ಟ್‌ನ ಪ್ರೊಸೆಸರ್ ಮಧ್ಯದಲ್ಲಿ ಬಟಾಣಿ ಕಾಳಿನಷ್ಟು ಹಾಕಿ, ನಾಲ್ಕು ಮೂಲೇಲಿ ಒಂದೊಂದು ಸಣ್ಣ ಚುಕ್ಕೆ ಇಟ್ರೆ ಇನ್ನೂ ಒಳ್ಳೇದು, ಸ್ಕ್ರೂಗಳನ್ನ ಒಂದೇ ಕಡೆ ಪೂರ್ತಿ ಬಿಗಿ ಮಾಡ್ಬೇಡಿ, ಈ ಕಡೆ ಎರಡು ಸುತ್ತು ಆ ಕಡೆ ಎರಡು ಸುತ್ತು ಹೀಗೆ. ಬೋರ್ಡ್ ಹಿಂದೆ ತನ್ನದೇ ಪ್ಲೇಟ್ ಹಾಕೋ ಹಳೇ ಎಎಂ4 ಕೂಲರ್‌ಗಳು ಎಎಂ5ಗೆ ಕೂರಲ್ಲ ಯಾಕಂದ್ರೆ ಎಎಂ5ನ ಹಿಂದಿನ ಪ್ಲೇಟ್ ಸಾಕೆಟ್‌ಗೇ ಹೊಂದ್ಕೊಂಡಿದೆ, ತೆಗೆಯೋ ಹಾಗಿಲ್ಲ.

ಎಎಂ4 ಇರೋರು ಹಳೇ ಕೂಲರ್ ಬಿಚ್ಚುವಾಗ ಹುಷಾರು. ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡ್ಕೊಂಡಿರುತ್ತೆ, ನೇರ ಮೇಲಕ್ಕೆ ಎಳೆದ್ರೆ ಲಾಕ್ ಹಾಕಿದ್ರೂ ಸಾಕೆಟ್‌ನಿಂದ ಪ್ರೊಸೆಸರ್ ಕಿತ್ಕೊಂಡೇ ಬರುತ್ತೆ, ಪಿನ್ ಬಗ್ಗುತ್ತೆ. ಅದಕ್ಕೆ ಹತ್ತು ನಿಮಿಷ ಏನಾದ್ರೂ ಭಾರದ ಪ್ರೋಗ್ರಾಂ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪವರ್ ವೈರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರ್‌ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸ್ತಾ ಇರಿ, ಮೊದಲು ಅಲುಗಾಡಲ್ಲ, ಆಮೇಲೆ ಒಂದು ಹಂತದಲ್ಲಿ ಕೈಗೆ ಗೊತ್ತಾಗೋ ಹಾಗೆ ಸಡಿಲ ಆಗುತ್ತೆ, ಆಗ ಎತ್ತಿ.

ರ್ಯಾಮ್ ಎರಡು ಕಡ್ಡಿ ಇದ್ರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿ ಹಾಕೋ ಆಸೆ ಬೇಡ, ರೈಜನ್ 7000ಗೆ ನಾಲ್ಕು ಹಾಕಿದ್ರೆ ಎಎಂಡಿ ಅಧಿಕೃತವಾಗಿ ಹೇಳೋ ಸ್ಪೀಡ್ ಬರೀ 3600. ಎರಡು ಕಡ್ಡಿ, 6000 ಸ್ಪೀಡ್‌ನ ಎಕ್ಸ್‌ಪೋ ಕಿಟ್ (ಎಕ್ಸ್‌ಪೋ ಅಂದ್ರೆ ರ್ಯಾಮ್‌ನಲ್ಲೇ ಬರೆದಿಟ್ಟ ಎಎಂಡಿಯ ಓವರ್‌ಕ್ಲಾಕ್ ಪ್ರೊಫೈಲ್), ಇದು ಈ ಚಿಪ್‌ಗಳಿಗೆ ಸರಿಯಾದ ಜಾಗ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರುತ್ತೆ, ರ್ಯಾಮ್ ಟ್ರೈನಿಂಗ್ (ಬೋರ್ಡ್ ರ್ಯಾಮ್‌ಗೆ ಸರಿಯಾದ ಸೆಟ್ಟಿಂಗ್ ಹುಡುಕೋದು) ಆಗ್ತಿರುತ್ತೆ, ಬೋರ್ಡ್ ಸತ್ತಿದೆ ಅನ್ಕೊಂಡು ಸ್ವಿಚ್ ಆಫ್ ಮಾಡ್ಬೇಡಿ, ಕಾಯಿರಿ.

ಏನೂ ಮುಟ್ಟದೆ ಒಂದು ಅಳತೆ

ವಿಂಡೋಸ್‌ನಲ್ಲಿ ಟೆಂಪರೇಚರ್, ವೋಲ್ಟೇಜ್ ತೋರಿಸೋ ಎಚ್‌ಡಬ್ಲ್ಯೂ ಇನ್ಫೋ ಹಾಕ್ಕೊಂಡು ಸೆನ್ಸರ್ ಕಿಟಕಿ ತೆರೆದಿಡಿ, ಪ್ರೊಸೆಸರ್ ಸ್ಪೀಡ್ ಅಳೆಯೋ ಸಿನೆಬೆಂಚ್ ಆರ್23ರ ಹತ್ತು ನಿಮಿಷದ ಟೆಸ್ಟ್ ಓಡಿಸಿ. ಸ್ಟಾಕ್ 7600 ಆಲ್ ಕೋರ್‌ನಲ್ಲಿ ಸುಮಾರು 14 ಸಾವಿರದ ಆಸುಪಾಸು ಸ್ಕೋರ್ ಕೊಡುತ್ತೆ, ಪವರ್ 88 ವಾಟ್‌ಗೆ ನಿಲ್ಲುತ್ತೆ, ಯಾಕಂದ್ರೆ 65 ವಾಟ್ ಟಿಡಿಪಿ ಅಂತ ಬರೆದಿರೋ ಚಿಪ್‌ಗೆ ಎಎಂಡಿ ಸಾಕೆಟ್ ಪವರ್ ಮಿತಿ ಪಿಪಿಟಿನ 88 ಇಟ್ಟಿದೆ. 105ರ ಚಿಪ್‌ಗೆ 142, 170ರದ್ದಕ್ಕೆ 230. ಸ್ಕೋರ್, ಗರಿಷ್ಠ ಟೆಂಪರೇಚರ್, ಪವರ್, ವಿಆರ್‌ಎಂ ಟೆಂಪರೇಚರ್, ಮತ್ತೆ ಮರೀಬೇಡಿ, ರೂಮಿನ ಟೆಂಪರೇಚರ್, ಇಷ್ಟನ್ನೂ ಒಂದು ಪೇಪರ್‌ನಲ್ಲಿ ಬರೆದಿಡಿ. ರೂಮಿನದು ಬರೀದೇ ಇದ್ರೆ ಬೆಳಿಗ್ಗೆ ಮಾಡಿದ ಟೆಸ್ಟೂ ಮಧ್ಯಾಹ್ನ ಮಾಡಿದ್ದೂ ಹೋಲಿಸೋಕೆ ಬರಲ್ಲ.

ಬಯಾಸ್ ಅಪ್‌ಡೇಟ್, ಎಕ್ಸ್‌ಪೋ

ಬೋರ್ಡ್ ಕಂಪನಿ ಸೈಟ್‌ನಿಂದ ನಿಮ್ಮ ಮಾಡೆಲ್‌ದೇ, ರಿವಿಷನ್ ನಂಬರ್ ಸಮೇತ ನೋಡಿ ಬಯಾಸ್ ಇಳಿಸ್ಕೊಳ್ಳಿ, ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡ್ ಬೂಟೇ ಆಗ್ದೇ ಇರ್ಬಹುದು, ಆದ್ರಿಂದ ಆದಷ್ಟು ಯುಪಿಎಸ್ ಇದ್ದಾಗಲೇ ಈ ಕೆಲಸ, ಯುಪಿಎಸ್ ಇಲ್ಲದವರು ಮಳೆ ಗಾಳಿ ಇರೋ ಸಂಜೆ, ಲೋಡ್ ಶೆಡ್ಡಿಂಗ್ ಟೈಮ್ ಬಿಟ್ಟು ಮಾಡಿ.

ಅಪ್‌ಡೇಟ್ ಮಾಡ್ಲೇಬೇಕಾ ಅಂದ್ರೆ ಹೌದು, ಎಎಂ5ನಲ್ಲಿ ಮಾಡ್ಲೇಬೇಕು. 2023ರ ಏಪ್ರಿಲ್‌ನಲ್ಲಿ 7000 ಸರಣಿಯ ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟು ಉಬ್ಬಿದ ಪ್ರಕರಣಗಳು ಬಂದ್ವು, ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡ್‌ಗಳು ಎಸ್‌ಓಸಿ ವೋಲ್ಟೇಜ್ (ಚಿಪ್‌ನಲ್ಲಿ ರ್ಯಾಮ್ ನೋಡ್ಕೊಳ್ಳೋ ಭಾಗದ ವೋಲ್ಟೇಜ್) ವಿಪರೀತ ಏರಿಸ್ತಿದ್ವು. ಎಎಂಡಿ ಆಮೇಲೆ ಹೊಸ ಫರ್ಮ್‌ವೇರ್ ಕೊಟ್ಟು ಅದನ್ನ 1.3 ವೋಲ್ಟ್‌ಗೆ ಕಟ್ಟಿಹಾಕ್ತು. ಹಳೇ ಬಯಾಸ್ ಇರೋ ಬೋರ್ಡ್ ಅಂಗಡಿ ಸ್ಟಾಕ್‌ನಲ್ಲಿ ಇನ್ನೂ ಸಿಗ್ಬಹುದು. ಅಪ್‌ಡೇಟ್ ಆದ್ಮೇಲೆ ಎಕ್ಸ್‌ಪೋ ಆನ್ ಮಾಡಿ, ವಿಂಡೋಸ್‌ಗೆ ಬಂದು ಎಚ್‌ಡಬ್ಲ್ಯೂ ಇನ್ಫೋದಲ್ಲಿ ಎಸ್‌ಓಸಿ ವೋಲ್ಟೇಜ್ 1.3 ದಾಟಿಲ್ಲ ಅಂತ ಕಣ್ಣಾರೆ ನೋಡಿ. 1.2ರಿಂದ 1.25 ಇದ್ರೆ ನೆಮ್ಮದಿ.

ಇಲ್ಲಿ ನಿಂತು ರ್ಯಾಮ್ ಒಂದನ್ನೇ ಟೆಸ್ಟ್ ಮಾಡಿ, ಮೆಮ್‌ಟೆಸ್ಟ್86 ರಾತ್ರಿ ಹಾಕಿ ಮಲ್ಕೊಳ್ಳಿ, ಬೆಳಿಗ್ಗೆ ಒಂದು ಎರರ್ ಇದ್ರೂ 5600ಕ್ಕೆ ಇಳಿಸಿ. ರ್ಯಾಮ್ ಗಟ್ಟಿ ಇದೆ ಅಂತ ಗೊತ್ತಾಗೋ ತನಕ ಪ್ರೊಸೆಸರ್ ಮುಟ್ಬೇಡಿ, ಎರಡೂ ಒಟ್ಟಿಗೆ ಬದಲಾಯಿಸಿ ಕ್ರ್ಯಾಶ್ ಆದ್ರೆ ತಪ್ಪು ಯಾವುದರದ್ದು ಅಂತ ಹುಡುಕೋಕಾಗಲ್ಲ.

ಪಿಬಿಓ, ಕರ್ವ್ ಆಪ್ಟಿಮೈಸರ್

ಇದೇ ಮುಖ್ಯ ಭಾಗ. ಹಿಂದಿನ ತರ ಎಲ್ಲಾ ಕೋರ್‌ಗೂ ಒಂದೇ ಫಿಕ್ಸ್ ಸ್ಪೀಡ್, ಒಂದೇ ಫಿಕ್ಸ್ ವೋಲ್ಟೇಜ್ ಹಾಕೋ ಪದ್ಧತಿ ರೈಜನ್‌ಗೆ ಬೇಡ, 4.9ಕ್ಕೆ ಎಲ್ಲಾ ಕೋರ್ ಕಟ್ಟಿಹಾಕಿದ್ರೆ ಒಂದೆರಡು ಕೋರ್ ಮಾತ್ರ ಕೆಲಸ ಮಾಡೋವಾಗ ಸಿಗ್ತಿದ್ದ 5.1 ಹೋಯ್ತು, ಗೇಮ್‌ನಲ್ಲಿ ನಷ್ಟ. ದಿನಪೂರ್ತಿ ವಿಡಿಯೋ ರೆಂಡರ್ ಮಾಡೋರಿಗೆ ಬೇಕಾದ್ರೆ ಸರಿ.

ಕರ್ವ್ ಆಪ್ಟಿಮೈಸರ್ ಮಾಡೋದು ಬೇರೆ. ಪ್ರತಿ ಸ್ಪೀಡ್‌ಗೂ ಇಷ್ಟು ವೋಲ್ಟ್ ಅಂತ ಚಿಪ್‌ನೊಳಗೆ ಒಂದು ಪಟ್ಟಿ ಇರುತ್ತೆ, ಆ ಇಡೀ ಪಟ್ಟಿನ ನಾವು ಕೆಳಗೆ ಜಾರಿಸ್ತೀವಿ, ಒಂದು ಎಣಿಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಚಿಪ್ ಎಳೆಯೋ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಹಾಗಾಗಿ 1.30ರಿಂದ 1.20 ವೋಲ್ಟ್‌ಗೆ ಇಳಿದ್ರೆ ಅದೇ ಸ್ಪೀಡಿಗೆ ಸುಮಾರು 15 ಪರ್ಸೆಂಟ್ ಪವರ್ ಉಳೀತು. ಉಳಿದ ಜಾಗದಲ್ಲಿ ಚಿಪ್ ತಾನೇ ಸ್ಪೀಡ್ ಏರಿಸ್ಕೊಳ್ಳುತ್ತೆ. ವೋಲ್ಟೇಜ್ ಇಳಿಸಿದ್ರೆ ಸ್ಪೀಡ್ ಏರುತ್ತೆ ಅನ್ನೋದು ಮೊದಲ ಸಲ ನೋಡೋರಿಗೆ ನಂಬೋಕೇ ಆಗಲ್ಲ, ಸಿನೆಬೆಂಚ್ ಸ್ಕೋರ್ ನೋಡಿದ್ಮೇಲೆ ನಂಬ್ತಾರೆ.

ಬಯಾಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ (ಇದೇ ಪಿಬಿಓ) ಹುಡುಕಿ, ಅಡ್ವಾನ್ಸ್ಡ್‌ಗೆ ಹಾಕಿ. ಮೊದಲು ಮಿತಿಗಳನ್ನ ಮುಟ್ಬೇಡಿ, ಕರ್ವ್ ಆಪ್ಟಿಮೈಸರ್ ಒಳಗೆ ಹೋಗಿ ಆಲ್ ಕೋರ್, ನೆಗೆಟಿವ್, 10 ಕೊಡಿ, ಸೇವ್ ಮಾಡಿ, ವಿಂಡೋಸ್‌ಗೆ ಬಂದು ಸಿನೆಬೆಂಚ್. ಟೆಂಪರೇಚರ್ ಇಳಿದಿರುತ್ತೆ ಇಲ್ಲಾ ಸ್ಕೋರ್ ಏರಿರುತ್ತೆ. ಎರಡು ದಿನ ಮಾಮೂಲಿ ಕೆಲಸ ಮಾಡ್ಕೊಂಡಿರಿ. ಆಮೇಲೆ 15, ಆಮೇಲೆ 20. ಬಹಳಷ್ಟು ಚಿಪ್‌ಗಳು 20ರ ಆಸುಪಾಸು ನಿಲ್ತವೆ, ಎಲ್ಲರ ವಿಡಿಯೋದಲ್ಲೂ 30 ಅಂತಾರೆ, ಅದನ್ನ ನೋಡಿ ಕಣ್ಣುಮುಚ್ಚಿ 30 ಹಾಕ್ಬೇಡಿ, ಒಂದು ಚಿಪ್ ಇದ್ದ ಹಾಗೆ ಇನ್ನೊಂದಿರಲ್ಲ.

ಇನ್ನೂ ಹಿಂಡ್ಬೇಕು ಅನ್ನೋರು ಪ್ರತಿ ಕೋರ್‌ಗೂ ಬೇರೆ ಬೇರೆ ಕೊಡಿ. ಇಲ್ಲೊಂದು ಸೂಕ್ಷ್ಮ ಇದೆ: ಎಎಂಡಿಯ ರೈಜನ್ ಮಾಸ್ಟರ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರದ ಗುರುತು ಇರೋ ಒಳ್ಳೇ ಕೋರ್‌ಗಳಿಗೆ ಕಡಿಮೆ ನೆಗೆಟಿವ್ ಕೊಡ್ಬೇಕು, 10 ಅಥವಾ 12, ಯಾಕಂದ್ರೆ ಕಾರ್ಖಾನೇಲೇ ಅವುಗಳಿಗೆ ಬೇಕಾದಷ್ಟೇ ವೋಲ್ಟೇಜ್ ಕೊಟ್ಟಿರ್ತಾರೆ, ಅವೇ ಅತಿ ಹೆಚ್ಚು ಸ್ಪೀಡ್‌ಗೂ ಹೋಗ್ತವೆ. ಸಾಧಾರಣ ಕೋರ್‌ಗಳಿಗೆ 20, 25 ಕೊಡ್ಬಹುದು.

ಇದೆಲ್ಲ ಗಟ್ಟಿ ಆದ್ಮೇಲೆ, ಕೂಲರ್‌ನಲ್ಲಿ ಜಾಗ ಉಳಿದಿದ್ರೆ ಮಾತ್ರ ಪವರ್ ಮಿತಿ ಏರಿಸಿ. 7600ಗೆ ಒಂಟಿ ಟವರ್ ಇದ್ರೆ ನನ್ನ ಶಿಫಾರಸು ಪಿಪಿಟಿ 110 ವಾಟ್, ಟಿಡಿಸಿ (ಸತತ ಕರೆಂಟ್ ಮಿತಿ) 90 ಆಂಪಿಯರ್, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್ ಮಿತಿ) ಇದ್ದ 150ನೇ. ಕೆಲವು ಬೋರ್ಡ್ ಮಿಲಿವಾಟ್‌ನಲ್ಲಿ ಕೇಳುತ್ತೆ, ಅಲ್ಲಿ 110000 ಅಂತ ಹಾಕ್ಬೇಕು, 110 ಅಂತ ಹಾಕಿ ಎಂಟರ್ ಹೊಡೆದ್ರೆ ಆಗಲ್ಲ. ಬೂಸ್ಟ್ ಓವರ್‌ರೈಡ್ ಅನ್ನೋ ಕಡೆ 200 ಮೆಗಾಹರ್ಟ್ಸ್ ತನಕ ಸಿಗುತ್ತೆ, ಹಂತ ಹಂತವಾಗಿ 100, 150, 200. ಪೂರ್ತಿ ಕೊಟ್ರೆ 7600ಎಕ್ಸ್ ಹತ್ರ ಬಂದ ಹಾಗಾಯ್ತು, ಅದರ ಬೂಸ್ಟ್ 5.3 ತಾನೇ. ಕೊನೇದಾಗಿ ಥರ್ಮಲ್ ಥ್ರಾಟಲ್ ಲಿಮಿಟ್‌ನ 85ಕ್ಕೆ ಇಡಿ. ಬೇಸಿಗೆ ಬಂದ್ರೂ ಚಿಪ್ 85 ದಾಟದೆ ಸ್ವಲ್ಪ ಸ್ಪೀಡ್ ಬಿಟ್ಕೊಟ್ಟು ನಿಲ್ಲುತ್ತೆ, ಗೇಮ್ ಆಡೋವಾಗ ವ್ಯತ್ಯಾಸ ಗೊತ್ತೂ ಆಗಲ್ಲ.

ಫ್ಯಾನ್ ಸೆಟ್ಟಿಂಗ್‌ನಲ್ಲಿ ಸ್ಟೆಪ್ ಅಪ್ ಸಮಯ ಎರಡು ಮೂರು ಸೆಕೆಂಡ್ ಇಡಿ, ಬ್ರೌಸರ್ ತೆರೆದ ತಕ್ಷಣ ರೈಜನ್ ಹತ್ತು ಹದಿನೈದು ಡಿಗ್ರಿ ನೆಗೆದು ಇಳಿಯುತ್ತೆ, ಅದಕ್ಕೆಲ್ಲ ಫ್ಯಾನ್ ಕಿರುಚೋದು ತಪ್ಪುತ್ತೆ.

ಟೆಸ್ಟ್

ಸಿನೆಬೆಂಚ್ ಪಾಸಾಯ್ತು ಅಂದ್ರೆ ಸ್ಟೇಬಲ್ ಅಂತ ಅಲ್ಲ. ಫುಲ್ ಲೋಡ್‌ನಲ್ಲಿ ಸ್ಪೀಡ್ ಕಡಿಮೆ ಇರುತ್ತೆ, ಕರ್ವ್ ಜಾಸ್ತಿ ಇಳಿಸಿದ್ರ ಪರಿಣಾಮ ಕಾಣೋದು ಒಂದೇ ಕೋರ್ ತುದಿ ಸ್ಪೀಡ್‌ಗೆ ನೆಗೆದಾಗ, ಅಂದ್ರೆ ನೀವು ಯೂಟ್ಯೂಬ್ ನೋಡ್ತಾ ಕೂತಾಗ ಅಥವಾ ಏನೂ ಮಾಡದೆ ಊಟಕ್ಕೆ ಎದ್ದು ಹೋದಾಗ ಸಿಸ್ಟಂ ತಾನೇ ರೀಸ್ಟಾರ್ಟ್ ಆಗಿರುತ್ತೆ. ಅದಕ್ಕೇ ಕೋರ್‌ಸೈಕ್ಲರ್ ಅನ್ನೋ ಉಚಿತ ಟೂಲ್ ಇದೆ, ಒಂದೊಂದೇ ಕೋರ್‌ನ ಪ್ರೈಮ್95ನಿಂದ ದುಡಿಸ್ತಾ ಹೋಗುತ್ತೆ, ಯಾವ ಕೋರ್ ತಪ್ಪು ಮಾಡ್ತು ಅಂತ ಹೆಸರಿಟ್ಟು ಹೇಳುತ್ತೆ. ಒಂದು ರಾತ್ರಿ ಬಿಡಿ. ತಪ್ಪು ಮಾಡಿದ ಕೋರ್‌ಗೆ ಮೂರು ಎಣಿಕೆ ವಾಪಸ್ ಕೊಡಿ, ಮತ್ತೆ ಓಡಿಸಿ.

ಇದರ ಜೊತೆ ವಿಂಡೋಸ್ ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ ವ್ಹೀಯಾ ಲಾಗರ್ ಅನ್ನೋ ಹೆಸರಿನ ಎರರ್ ಇದ್ಯಾ ಹುಡುಕಿ. ಐಡಿ 18 ಇದ್ದು ಕ್ಯಾಶ್ ಹೈರಾರ್ಕಿ ಅಂತ ಬರೆದಿದ್ರೆ ಯಾವುದೋ ಕೋರ್‌ಗೆ ವೋಲ್ಟೇಜ್ ಸಾಲ್ತಿಲ್ಲ. ಇದನ್ನ ನೋಡ್ದೇ ಇರ್ಬೇಡಿ, ಹೀಗೆ ತಪ್ಪು ಲೆಕ್ಕ ಮಾಡ್ತಾ ಓಡೋ ಸಿಸ್ಟಂನಲ್ಲಿ ನಿಮ್ಮ ಫೋಟೋ, ಟ್ಯಾಲಿ ಡೇಟಾ, ಪ್ರಾಜೆಕ್ಟ್ ಫೈಲ್‌ಗಳು ನಿಮಗೆ ಗೊತ್ತಾಗ್ದ ಹಾಗೆ ಕೆಡ್ತವೆ. ಟ್ಯೂನ್ ಶುರು ಮಾಡೋ ಮುಂಚೆ ಬ್ಯಾಕಪ್ ಬೇರೆ ಡ್ರೈವ್‌ನಲ್ಲಿ ಇರ್ಲಿ.

ಬೂಟ್ ಆಗ್ಲಿಲ್ಲ ಅಂದ್ರೆ

ಕೆಲವು ಬೋರ್ಡ್ ಮೂರು ಸಲ ಪ್ರಯತ್ನ ಮಾಡಿ ತಾನೇ ಡೀಫಾಲ್ಟ್‌ಗೆ ಬರುತ್ತೆ, ಅದಕ್ಕೆ ಸಮಯ ಕೊಡಿ. ಬರ್ಲಿಲ್ಲ ಅಂದ್ರೆ ಎಸ್‌ಎಂಪಿಎಸ್ ಸ್ವಿಚ್ ಆಫ್, ವೈರ್ ತೆಗೀರಿ, ಬೋರ್ಡ್ ಮೇಲೆ ಕ್ಲಿಯರ್ ಸಿಮೋಸ್ ಅಂತ ಬರೆದಿರೋ ಎರಡು ಪಿನ್‌ಗಳನ್ನ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಪಿನ್ ಸಿಗ್ಲಿಲ್ಲ ಅಂದ್ರೆ ದುಂಡಗಿರೋ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬ್ಯಾಟರಿ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ಅಡಿಯಲ್ಲೇ ಇರುತ್ತೆ, ಕಾರ್ಡ್ ತೆಗೀಬೇಕಾಗುತ್ತೆ, ತೆಗೆಯುವಾಗ ಸ್ಲಾಟ್ ತುದೀಲಿರೋ ಲಾಕ್ ಒತ್ತೋದು ಮರೀಬೇಡಿ.

ಇಂಟೆಲ್ ಇರೋರಿಗೆ

12, 13, 14ನೇ ಪೀಳಿಗೆಯಲ್ಲಿ ಹೆಸರಿನ ಕೊನೇಲಿ ಕೆ ಇದ್ದು ಬೋರ್ಡ್ ಝಡ್690 ಅಥವಾ ಝಡ್790 ಇದ್ರೆ ಮಾತ್ರ ಕೋರ್ ಓವರ್‌ಕ್ಲಾಕ್. ಬಿ660, ಬಿ760ನಲ್ಲಿ ರ್ಯಾಮ್ ಮಾತ್ರ, ಎಚ್610ನಲ್ಲಿ ಅದೂ ಇಲ್ಲ. ಆದ್ರೆ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳಿಗೆ ಓವರ್‌ಕ್ಲಾಕ್ ಮಾಡ್ಲೇಬೇಡಿ ಅಂತ ಕೇಳ್ಕೋತೀನಿ. ಚಿಪ್ ಜಾಸ್ತಿ ವೋಲ್ಟೇಜ್ ಕೇಳಿ ತಾನೇ ಹಾಳಾಗೋ ಸಮಸ್ಯೆನ ಇಂಟೆಲ್ 2024ರಲ್ಲಿ ಒಪ್ಕೊಂಡು, ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೋಕೋಡ್ (ಬಯಾಸ್ ಜೊತೆ ಬರೋ, ಚಿಪ್ ವರ್ತನೆ ತಿದ್ದೋ ಕೋಡ್) ಕೊಡ್ತು, ತೊಂದರೆ ಇರೋ ಚಿಪ್‌ಗಳಿಗೆ ವಾರಂಟಿ ಎರಡು ವರ್ಷ ಹೆಚ್ಚಿಸ್ತು. ನಿಮ್ಮದು ಆ ಚಿಪ್ ಆಗಿದ್ರೆ ಸೆಪ್ಟೆಂಬರ್ 2024ರ ಆಮೇಲಿನ ಬಯಾಸ್ ಹಾಕಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಆಯ್ಕೆ ಮಾಡಿ, ಐ9ಗೆ ಪವರ್ ಮಿತಿ 253 ವಾಟ್, 13600ಕೆ, 14600ಕೆಗೆ 181 ದಾಟದ ಹಾಗೆ ಇಡಿ. ಗೇಮ್ ಓಪನ್ ಮಾಡಿದ್ರೆ ವಿಡಿಯೋ ಮೆಮೊರಿ ಸಾಲ್ತಿಲ್ಲ ಅಂತ ಎರರ್ ಬರ್ತಾ ಇದ್ರೆ, ಕಾರ್ಡ್‌ನ ಬೈಯ್ಯೋ ಮುಂಚೆ ಪ್ರೊಸೆಸರ್‌ನ ಅನುಮಾನಿಸಿ, ಹಾಳಾಗಿದ್ದ ಚಿಪ್ ಮೈಕ್ರೋಕೋಡ್ ಹಾಕಿದ್ರೂ ರಿಪೇರಿ ಆಗಲ್ಲ, ವಾರಂಟಿಗೇ ಕಳಿಸ್ಬೇಕು.

ಆಮೇಲಿನ ಕೆಲಸ

ಎಲ್ಲಾ ಸರಿ ಬಂದ್ಮೇಲೆ ಬಯಾಸ್‌ನಲ್ಲಿ ಪ್ರೊಫೈಲ್ ಸೇವ್ ಮಾಡಿ, ಜೊತೆಗೆ ಪ್ರತಿ ಪುಟನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಯಾಕಂದ್ರೆ ಮುಂದಿನ ಬಯಾಸ್ ಅಪ್‌ಡೇಟ್‌ನಲ್ಲಿ ಪ್ರೊಫೈಲ್ ಅಳಿಸಿ ಹೋಗ್ಬಹುದು. ರಸ್ತೆ ಪಕ್ಕದ ಮನೆ ಆದ್ರೆ ಮೂರು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಧೂಳು ಹೊಡೀರಿ, ಹೊಡೆಯುವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ವಿಪರೀತ ತಿರುಗಿದ್ರೆ ಬೇರಿಂಗ್ ಹೋಗುತ್ತೆ. ಟವರ್ ಕೂಲರ್‌ನಲ್ಲಿ ಫ್ಯಾನ್ ಬಿಚ್ಚಿ ನೋಡಿ, ರೆಕ್ಕೆಗೂ ಅಲ್ಯೂಮಿನಿಯಂ ಪಟ್ಟಿಗಳಿಗೂ ಮಧ್ಯೆ ಧೂಳು ಬಟ್ಟೆ ತರ ಕೂತಿರುತ್ತೆ, ಹೊರಗಿಂದ ಕಾಣಲ್ಲ. ಡಿಸೆಂಬರ್‌ನಲ್ಲಿ ಟ್ಯೂನ್ ಮಾಡಿದ್ರೆ ಮಾರ್ಚ್ ಕೊನೇಲಿ ಒಂದು ಮಧ್ಯಾಹ್ನ, ಫ್ಯಾನ್ ಹಾಕದ ರೂಮಲ್ಲಿ, ಕೋರ್‌ಸೈಕ್ಲರ್‌ನ ಇನ್ನೊಂದ್ಸಲ ಓಡಿಸಿ, ಚಳಿಲಿ ನಿಂತ ನೆಗೆಟಿವ್ 20 ಸೆಖೆಲಿ ನಿಲ್ಲದೇ ಇರ್ಬಹುದು, ಆಗ 17ಕ್ಕೆ ತನ್ನಿ.